ನಿಂತದ್ದು ತಿರುಗಿ ಬಂದಾಗ

ಮಾನ್ವಿಯಲ್ಲಿ ಯಾರ ಮನೆಯಲ್ಲಾದರೂ ಶ್ರಾದ್ಧದ ತಿಥಿ ಬಂತೆಂದರೆ ಪುರೋಹಿತರನ್ನು ಕೇಳುವುದಕ್ಕಿಂತ ಮೊದಲು ಸತ್ಯಭಾಮಾಬಾಯಿಯನ್ನು ಕೇಳುತ್ತಿದ್ದರು. ಪುರೋಹಿತರು ಒಬ್ಬರಿಲ್ಲದಿದ್ದರೆ ಇನ್ನೊಬ್ಬರು ಸಿಗುತ್ತಾರೆ. ನಸುಕಿನಲ್ಲಿ ತಲೆಗೆ ನೀರು ಹಾಕಿಕೊಂಡು, ಯಾರೂ ಮುಟ್ಟದ ಮಡಿ ಸೀರೆಯುಟ್ಟು, ಹನಿ ನೀರೂ ಬಾಯಿಗೆ ಹಾಕದೆ, ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತು ಎಲೆಯ ಅಡಿಗೆಯನ್ನು ಒಬ್ಬಳೇ ಇಳಿಸುವ ಹೆಂಗಸು ಈ ಕಾಲದಲ್ಲಿ ಎಲ್ಲಿ ಸಿಗಬೇಕು? ಭಾಮಕ್ಕ ಇಳಿಸುತ್ತಿದ್ದಳು. ಅವಳು ಒಲೆಯ ಮುಂದಿದ್ದರೆ ಮನೆಯ ಯಜಮಾನ ಕೂಡ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು, "ಒಳಗ ಬರಲ್ಯಾ ಭಾಮಕ್ಕ?" ಎಂದು ಕೇಳಬೇಕು. ಆಕೆ ಬೇಡ ಅಂದರೆ ಬೇಡ.

ಹುಟ್ಟಿದ್ದು ದೇವದುರ್ಗದಲ್ಲಿ. ತಾಯಿ ಬೇಗ ಹೋದ್ದರಿಂದ ತಮ್ಮ ವಿಬುಧೇಂದ್ರನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳೇ ಅವಳು. ಮದುವೆಯಾಗಿ ಮಾನ್ವಿಗೆ ಬಂದಳು. ಮಕ್ಕಳಾಗುವ ಮೊದಲೇ ಗಂಡ ಕಾಮಾಲೆಯಿಂದ ತೀರಿಕೊಂಡ. ಆಸ್ಪತ್ರೆಗೆ ಹೋಗು ಎಂದವರ ಮಾತು ಬಿಟ್ಟು ಯಾರೋ ಕೊಟ್ಟ ಸೊಪ್ಪಿನ ರಸ ನಂಬಿದ್ದ. ವಿಬುಧೇಂದ್ರ ದೇವದುರ್ಗದಲ್ಲಿ ಹೈಸ್ಕೂಲು ಮಾಸ್ತರನಾದ ಮೇಲೆ, "ಅಕ್ಕಾ, ನಮ್ಮ ಮನಿಗೇ ಬಂದುಬಿಡು," ಎಂದು ಎಷ್ಟೋ ಸಲ ಕರೆದ. ಭಾಮಕ್ಕ ಒಪ್ಪಲಿಲ್ಲ. "ಹಬ್ಬಕ್ಕ ಬಂದ ಅಕ್ಕಗ ಹೋಳಿಗಿ, ಇರಾಕ ಬಂದ ಅಕ್ಕಗ ತಂಗಳು," ಎಂದು ನಕ್ಕು, ಗಂಡನ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲೇ ಉಳಿದಳು. ಬಾಯಿ ಜೋರು, ಕೈ ಶುದ್ಧ, ಹೆಸರು ಅದಕ್ಕಿಂತ ಶುದ್ಧ.

ಆದರೆ ಮಡಿ ಅಡಿಗೆಯವಳಿಗೆ ಒಂದು ಗ್ರಹಚಾರವಿರುತ್ತದೆ. ತಿಂಗಳಿಗೊಮ್ಮೆ ಹೊರಗಾದಳೆಂದರೆ ನಾಲ್ಕನೆಯ ದಿನ ತಲೆಗೆ ನೀರು ಬೀಳುವ ತನಕ ಒಲೆಯಿಲ್ಲ, ದೇವರಿಲ್ಲ. ಒಪ್ಪಿಕೊಂಡ ಮನೆಗೆ ಕಡೇ ಗಳಿಗೆಯಲ್ಲಿ "ಬರಂಗಿಲ್ಲರೀ" ಎಂದು ಹೇಳಿ ಕಳಿಸಬೇಕು. ಏಕೆಂದು ಯಾರೂ ಕೇಳುವುದಿಲ್ಲ, ಎಲ್ಲರಿಗೂ ತಿಳಿಯುತ್ತದೆ. ಆ ತಿಳಿಯುವಿಕೆಯೇ ಅವಳಿಗೆ ಮೈ ಉರಿ. ಹೀಗಾಗಿ ಐವತ್ತರ ಹೊತ್ತಿಗೆ ಮುಟ್ಟು ನಿಂತಾಗ, ಉಳಿದ ಹೆಂಗಸರು ಸೊಂಟನೋವು, ಬೆವರು ಎಂದು ಗೋಳಾಡುವ ಆ ಕಾಲದಲ್ಲಿ, ಭಾಮಕ್ಕ ಓಣಿಗೆಲ್ಲ ಪೇಡೆ ಹಂಚುವುದೊಂದು ಬಾಕಿ ಇತ್ತು. ಋಷಿ ಪಂಚಮಿಯ ವ್ರತವನ್ನೂ ಉದ್ಯಾಪನೆ ಮಾಡಿ ಮುಗಿಸಿದಳು. ಹೊರಗಾದ ದಿನಗಳಲ್ಲಿ ಗೊತ್ತಿದ್ದೋ ಗೊತ್ತಿಲ್ಲದೆಯೋ ಮುಟ್ಟಿದ್ದರ ದೋಷ ಕಳೆಯಲೆಂದು ಹೆಂಗಸರು ಮಾಡುವ ವ್ರತ ಅದು. ಇನ್ನು ತಿಂಗಳೆಲ್ಲ ನನ್ನದೇ ಎಂದುಕೊಂಡಳು. ನಿಜ ಹೇಳಬೇಕೆಂದರೆ ಅವಳ ಬದುಕು ಶುರುವಾದದ್ದೇ ಆಗ. ಆಮೇಲಿನ ಐದಾರು ವರ್ಷ ಭಾಮಕ್ಕ ಬಾರದೆ ಮಾನ್ವಿ ಸುತ್ತಮುತ್ತ ಒಂದು ದೊಡ್ಡ ಶ್ರಾದ್ಧವೂ ನಡೆಯಲಿಲ್ಲ.

ಆ ವರ್ಷ ಯುಗಾದಿಯ ಮರುವಾರ ಕುರ್ಡಿಯಲ್ಲಿ ದೇಸಾಯರ ಮನೆಯ ಶ್ರಾದ್ಧ. ಜೀಪು ಕಳಿಸಿ ಕರೆಸಿಕೊಂಡಿದ್ದರು. ಪಾಯಸ ಇಳಿದಿತ್ತು, ಎಳ್ಳುಂಡೆ ಕಟ್ಟಿಯಾಗಿತ್ತು. ವಡೆಗೆ ಉದ್ದು ರುಬ್ಬಿ ಕಲ್ಲಿನ ಮುಂದಿನಿಂದ ಎದ್ದಾಗ ತೊಡೆಗೆ ಏನೋ ಬೆಚ್ಚಗೆ ತಗುಲಿದಂತಾಯಿತು. ಹಿತ್ತಲಿನ ಬಚ್ಚಲಿಗೆ ಹೋಗಿ ನೋಡಿದಳು. ರಕ್ತ.

ಗೋಡೆ ಹಿಡಿದುಕೊಂಡು ನಿಂತಳು. ಹೊರಗೆ ಪಡಸಾಲೆಯಲ್ಲಿ ಬ್ರಾಹ್ಮಣರು ಬಂದು ಕಾಲು ತೊಳೆಯುತ್ತಿದ್ದರು. ಈಗ ಬಾಯಿ ಬಿಟ್ಟರೆ ಅಷ್ಟೂ ಅಡಿಗೆ ತಿಪ್ಪೆಗೆ. ಆ ಹಳ್ಳಿಯಲ್ಲಿ ಮತ್ತೊಬ್ಬ ಮಡಿ ಅಡಿಗೆಯವಳಿಲ್ಲ. ಪಿತೃಗಳು ಉಪವಾಸ ಹೋಗುತ್ತಾರೆ. ಬಾಯಿ ಬಿಡದಿದ್ದರೆ ಪಾಪ, ಅದೂ ಸತ್ತವರ ಎಲೆಗೆ ಬಡಿಸಿದ ಪಾಪ. ಹಳೆಯ ಅರಿವೆಯೊಂದನ್ನು ಕಟ್ಟಿಕೊಂಡು, ಮತ್ತೆ ಸ್ನಾನ ಮಾಡಿ, ಮಡಿಯುಟ್ಟು ಬಂದು ಒಲೆಯ ಮುಂದೆ ನಿಂತಳು. ಬಾಣಲೆಗೆ ವಡೆ ಬಿಡತೊಡಗಿದಳು.

"ಭಾಮಕ್ಕಾ, ಯಾಕ ಇಷ್ಟು ಬೆವರಾಕತ್ತೀರಿ?" ಎಂದಳು ಹೊಸ್ತಿಲಾಚೆಯಿಂದ ದೇಸಾಯರ ಸೊಸೆ.

"ಒಲಿ ಮುಂದ ನಿಂತವರು ಬೆವರದ ಚಳಿ ಹತ್ತಿ ನಡಗ್ತಾರೇನವ್ವಾ? ಎಲಿ ಹಾಕಿಸು ಹೋಗು."

ಶ್ರಾದ್ಧ ಸಾಂಗವಾಯಿತು. ಅಡಿಗೆ ಅಮೃತ ಎಂದರು. ಭಾಮಕ್ಕ ಮಾತ್ರ ಪ್ರಸಾದ ಮುಟ್ಟದೆ ಮನೆಗೆ ಬಂದು ಕದ ಹಾಕಿಕೊಂಡು ಅತ್ತಳು. ಆಮೇಲೆ ಮಾಡಿದ್ದೇನು ಗೊತ್ತೇ? ಮೂಲೆಯಲ್ಲಿ ಚಾಪೆ ಹಾಸಿಕೊಂಡು ಮೂರು ದಿನ ಹೊರಗೆ ಕೂತಳು. ಮನೆಯಲ್ಲಿ ಮುಟ್ಟಿಸಿಕೊಳ್ಳುವವರು ಯಾರೂ ಇಲ್ಲ, ನೋಡುವವರೂ ಇಲ್ಲ. ದೇವರ ದೀಪ ಹಚ್ಚಲಿಲ್ಲ, ಉಪ್ಪಿನಕಾಯಿ ಜಾಡಿಯ ಹತ್ತಿರ ಸುಳಿಯಲಿಲ್ಲ. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡಾಗ ರಕ್ತವೂ ನಿಂತಿತ್ತು. ಲೆಕ್ಕ ಸರಿಹೋಯಿತು, ಇದು ಮುಟ್ಟೇ ಎಂದು ಅವಳಿಗೆ ಖಾತ್ರಿಯಾಯಿತು.

ಹಾಗೆ ಸರಿಹೋದದ್ದೇ ಅವಳ ದುರ್ದೈವ. ಅದೇ ರಕ್ತ ಮೂಗಿನಿಂದ ಸುರಿದಿದ್ದರೆ ಅಂದೇ ಡಾಕ್ಟರ ಹತ್ತಿರ ಓಡುತ್ತಿದ್ದಳು. ಬಂದ ದಾರಿ ಹಳೆಯದಾದ್ದರಿಂದ ಅದಕ್ಕೆ ಹಳೆಯ ಹೆಸರೇ ಇಟ್ಟುಬಿಟ್ಟಳು.

ಮೂರು ವಾರ ಕಳೆದು ಮತ್ತೆ ಕಾಣಿಸಿತು. ಮತ್ತೆ ಚಾಪೆ, ಮತ್ತೆ ಸ್ನಾನ. ಮುಂದೆ ಈ ಲೆಕ್ಕವೂ ತಪ್ಪಿತು: ಹತ್ತು ದಿನ ಇಲ್ಲ, ಎರಡು ದಿನ ಉಂಟು, ಮತ್ತೆ ಒಂದು ವಾರ ಬಿಡದೆ. ಬಿಸಿಲು ಬೇರೆ ಹಂಚಿನಂತೆ ಕಾದಿತ್ತು. ನಮ್ಮ ರಾಯಚೂರು ಸೀಮೆಯಲ್ಲಿ ಹೆಸರು ಗೊತ್ತಾಗದ ಕಾಯಿಲೆಗೆಲ್ಲ ಉಷ್ಣ ಎಂಬ ಹೆಸರು ತಯಾರಿರುತ್ತದೆ; ಕಣ್ಣು ಕೆಂಪಾದರೂ ಉಷ್ಣ, ಕಾಲು ಸೋತರೂ ಉಷ್ಣ. ಭಾಮಕ್ಕನೂ ಮಜ್ಜಿಗೆಯಲ್ಲಿ ಮೆಂತ್ಯ ನೆನೆಹಾಕಿ ಕುಡಿದಳು, ನೆತ್ತಿಗೆ ಎಣ್ಣೆ ತಟ್ಟಿಕೊಂಡಳು. ಸೊಂಟ ಮಾತ್ರ ಒಳಗಿಂದ ಯಾರೋ ಹಿಂಡಿದ ಹಾಗೆ ನೋಯುತ್ತಿತ್ತು.

ಮಳೆಗಾಲದ ಮೊದಲಲ್ಲಿ ಓಣಿಗೆ ಆಶಾ ಕಾರ್ಯಕರ್ತೆ ರೇಣುಕಮ್ಮ ಬಂದಳು. ಸರಕಾರಿ ದವಾಖಾನೆಯಲ್ಲಿ ಹೆಂಗಸರಿಗೆ ತಪಾಸಣೆ ಇದೆ, ಮೂವತ್ತು ದಾಟಿದವರೆಲ್ಲ ಬರಬೇಕು ಎಂದು ಮನೆಮನೆಗೆ ಹೇಳುತ್ತಿದ್ದಳು.

"ಎದಿ ನೋಡ್ತಾರ, ಗರ್ಭಕೋಶದ ಬಾಯಿ ನೋಡ್ತಾರ. ಲೇಡಿ ಡಾಕ್ಟರೇ ಅದಾರ್ರೀ ಬಾಯಾರ, ನಾಚಬ್ಯಾಡ್ರಿ."

"ನನಗ ಮಕ್ಕಳೋ ಮರಿಯೋ? ಬಾಡಿಗಿಗೇ ಹೋಗದ ಮನಿ ಅದು, ಅದರೊಳಗ ಏನು ನೋಡ್ತೀರಿ?" ಎಂದು ಭಾಮಕ್ಕ ಅಂದಾಗ ಕಟ್ಟೆಯ ಮೇಲೆ ಕೂತ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು. ರೇಣುಕಮ್ಮನೂ ನಕ್ಕು ಮುಂದಿನ ಮನೆಗೆ ಹೋದಳು. ಆ ಹೊತ್ತಿನಲ್ಲಿಯೂ ಭಾಮಕ್ಕನ ಒಳಗೆ ಅರಿವೆ ನೆನೆಯುತ್ತಿತ್ತು. ಹೂಂ ಅಂದುಬಿಡೋಣ ಅನ್ನಿಸಿತ್ತು ಅವಳಿಗೆ, ನಾಲಗೆಯ ತುದಿಗೆ ಬಂದಿತ್ತು. ಆದರೆ ಹೂಂ ಅಂದರೆ ಏಕೆಂದು ಕೇಳುತ್ತಾರೆ. ಕೇಳಿದರೆ ಕುರ್ಡಿಯ ಮಾತು ಹೊರಬೀಳುತ್ತದೆ. ಊರಿನ ಪಿತೃಗಳಿಗೆಲ್ಲ ಮೈಲಿಗೆ ಉಣಿಸಿದವಳು ಎನ್ನಿಸಿಕೊಂಡು ಬದುಕುವುದು ಹೇಗೆ?

ಕೆಲಸಗಳನ್ನು ಒಂದೊಂದಾಗಿ ಬಿಟ್ಟಳು. ಒಮ್ಮೆ ಮಂಡಿ ನೋವು, ಒಮ್ಮೆ ದೇವದುರ್ಗಕ್ಕೆ ಹೋಗಬೇಕು, ಒಮ್ಮೆ ಜ್ವರ. ಅವಳು ಬಿಟ್ಟ ಮನೆಗಳಿಗೆ ವೇಣುಬಾಯಿ ಎಂಬ ಹೊಸಬಳು ಹೋಗತೊಡಗಿದಳು. ಆಕೆಯ ಸಾರಿಗೆ ಹದವಿಲ್ಲ ಎಂದು ಜನ ಬಂದು ಹೇಳಿದರೆ ಭಾಮಕ್ಕನಿಗೆ ಒಂದು ಗಳಿಗೆ ಹಿತ, ಮರುಗಳಿಗೆ ಅಳು. ರಕ್ತದ ಜೊತೆಗೆ ಈಗ ವಾಸನೆಯ ನೀರೂ ಹೋಗುತ್ತಿತ್ತು. ಯಾರಾದರೂ ಮನೆಗೆ ಬಂದರೆ ಮೊದಲು ಕರ್ಪೂರ ಹಚ್ಚುತ್ತಿದ್ದಳು. ಏನು ಭಕ್ತಿ ನೋಡು ಎಂದುಕೊಂಡು ಹೋಗುತ್ತಿದ್ದರು ಜನ.

ಭಾದ್ರಪದ ಬಂತು. ಒಮ್ಮೆ ಮಾಡಿ ಮುಗಿಸಿದ ಋಷಿ ಪಂಚಮಿಯನ್ನು ಭಾಮಕ್ಕ ಮತ್ತೆ ಹಿಡಿದಳು. ಉದ್ಯಾಪನೆಯಲ್ಲಿ ಏನೋ ಊನವಾಗಿರಬೇಕು, ಅದಕ್ಕೇ ನಿಂತದ್ದು ತಿರುಗಿ ಬಂದಿದೆ ಎಂದು ಅವಳ ತರ್ಕ. ಉತ್ತರಾಣಿ ಕಡ್ಡಿಯಿಂದ ಹಲ್ಲು ತಿಕ್ಕಿ, ಕೊಡಗಟ್ಟಲೆ ನೀರು ಮೈಮೇಲೆ ಸುರಿದುಕೊಂಡು, ಎತ್ತು ಉತ್ತ ನೆಲದಲ್ಲಿ ಬೆಳೆದದ್ದೇನೂ ತಿನ್ನದೆ ಇಡೀ ದಿನ ಇದ್ದಳು. ಮೈಯಲ್ಲಿ ಇದ್ದ ರಕ್ತವೇ ಕಡಿಮೆ. ಎರಡು ಸಲ ತಲೆ ತಿರುಗಿ ಬಿದ್ದಳು. ಎದ್ದು ಏಳು ಜನ ಋಷಿಗಳಿಗೂ ಅರುಂಧತಿಗೂ ಕೈ ಮುಗಿದು, "ತಪ್ಪಾಗ್ಯದ, ಇದನ್ನ ನಿಲ್ಲಸ್ರಿ," ಎಂದು ಬೇಡಿಕೊಂಡಳು. ಮರುದಿನ ಬೆಳಿಗ್ಗೆ ಚಾಪೆಯೆಲ್ಲ ತೊಯ್ದಿತ್ತು.

ಪಕ್ಷಮಾಸ ಶುರುವಾಯಿತು. ಮಡಿ ಅಡಿಗೆಯವರಿಗೆ ಉಸಿರು ಬಿಡಲೂ ಪುರುಸೊತ್ತಿಲ್ಲದ ಆ ಹದಿನೈದು ದಿನಗಳಲ್ಲಿ ಭಾಮಕ್ಕ ಎಲ್ಲರಿಗೂ ಇಲ್ಲವೆಂದಳು. ಇಲ್ಲವೆನ್ನಲಾಗದ್ದು ಒಂದೇ: ದೇವದುರ್ಗದಲ್ಲಿ ತನ್ನ ತಂದೆಯ ಶ್ರಾದ್ಧ. ಹೋದಳು. ಹೋಗಿ ಹಿತ್ತಲಿನ ಕಟ್ಟೆಯ ಮೇಲೆ ಕೂತವಳು ಅಡಿಗೆಮನೆಯ ಕಡೆ ತಿರುಗಲಿಲ್ಲ.

"ಊರ ಮಂದಿಗೆಲ್ಲ ಮಾಡಿ ಹಾಕ್ತಿ, ಅಪ್ಪಗ ಒಂದು ಪಾಯಸ ಮಾಡಾಕ ಆಗೂದಿಲ್ಲೇನು ಅಕ್ಕಾ?" ಎಂದ ವಿಬುಧೇಂದ್ರ. ಅವನಿಗೆ ನೋವಾಗಿತ್ತು.

"ಮಂಡಿ ನೋವಪ್ಪಾ," ಎಂದಳು. ಅವನು ಮುಖ ತಿರುಗಿಸಿಕೊಂಡು ಒಳಗೆ ಹೋದ.

ಆದರೆ ಅವನ ಮಗಳು ಪೂರ್ಣಶ್ರೀ ಹೋಗಲಿಲ್ಲ. ರಾಯಚೂರಿನ ಕಾಲೇಜೊಂದರಲ್ಲಿ ಪಾಠ ಹೇಳುವ ಹುಡುಗಿ, ಶ್ರಾದ್ಧಕ್ಕೆಂದು ರಜೆ ಹಾಕಿ ಬಂದಿದ್ದಳು. ಅತ್ತೆಯ ಮುಖ ಸುಣ್ಣ ಬಳಿದ ಗೋಡೆಯಂತಾಗಿದ್ದನ್ನು ನೋಡಿ ಕಟ್ಟೆಯ ಮೇಲೆ ಅವಳ ಪಕ್ಕ ಕೂತಳು. ಭಾಮಕ್ಕ ದೂರ ಸರಿದಳು.

"ಮುಟ್ಟಬ್ಯಾಡ ಪೂರ್ಣಾ. ಶ್ರಾದ್ಧದ ಮನಿ. ನಾ ಹೊರಗಾಗೀನಿ."

ಪೂರ್ಣಶ್ರೀಗೆ ಮೊದಲು ಅರ್ಥವಾಗಲಿಲ್ಲ. "ಹೊರಗಾ? ನಿನಗ ಈಗ ವಯಸ್ಸೆಷ್ಟು ಅತ್ತಿ? ನಿಂತು ಎಷ್ಟು ವರ್ಷಾತು?"

"ನಿಂತಿತ್ತವ್ವಾ. ತಿರುಗಿ ಬಂದದ."

"ಯಾವಾಗಿಂದ?"

"ಯುಗಾದಿಯಿಂದ."

ಹುಡುಗಿ ಬಿಳಿಚಿಕೊಂಡಳು. ಶ್ರಾದ್ಧದ ಮನೆಯೆಂಬುದನ್ನೂ ನೋಡದೆ ಅತ್ತೆಯ ಎರಡೂ ಕೈ ಹಿಡಿದುಕೊಂಡಳು. "ನಿಂತದ್ದು ಹಂಗ ತಿರುಗಿ ಬರೂದಿಲ್ಲ ಅತ್ತಿ! ಆರು ತಿಂಗಳು ಯಾರಿಗೂ ಹೇಳಲಿಲ್ಲೇನು? ನನಗರೆ ಒಂದು ಫೋನ್ ಮಾಡಬಾರದೇನು?"

ಮರುದಿನ ಬೆಳಿಗ್ಗೆ ಇಬ್ಬರೂ ರಾಯಚೂರಿನ ಬಸ್ಸು ಹತ್ತಿದರು. ಗಬ್ಬೂರು ದಾಟುವ ತನಕ ಭಾಮಕ್ಕ ಸೀಟಿನಲ್ಲಿ ಬೆನ್ನು ಊರದೆ ಕೂತಿದ್ದಳು. ಸೀರೆ ತೊಯ್ದು ಸೀಟಿಗೆ ಹತ್ತಿದರೆ ಎದ್ದು ಇಳಿಯುವುದು ಹೇಗೆ ಎಂಬುದೊಂದೇ ಚಿಂತೆ. ಕಿಟಕಿಯಾಚೆ ಹತ್ತಿ ಹೊಲಗಳು ಹೂವಿಗೆ ಬಂದಿದ್ದವು. ಕಲ್ಮಲಾದ ಹತ್ತಿರ ಬಸ್ಸು ಎತ್ತಿಹಾಕಿದಾಗ ಬಾಯಿಗೆ ಸೆರಗು ತುರುಕಿಕೊಂಡು ನರಳಿದಳು. ಆ ದನಿ ಕೇಳಿದ ಮೇಲೆ ಪೂರ್ಣಶ್ರೀ ದಾರಿಯುದ್ದಕ್ಕೂ ಅವಳನ್ನು ತಬ್ಬಿಕೊಂಡೇ ಇದ್ದಳು.

ಡಾಕ್ಟರ್ ಶೈಲಶ್ರೀ ಎಂಬಾಕೆ ಪರೀಕ್ಷೆ ಮಾಡಿದರು. ಜೀವಮಾನದಲ್ಲಿ ಮಡಿ ಸೀರೆಗೆ ಯಾರ ನೆರಳೂ ಸೋಕಗೊಡದ ಭಾಮಕ್ಕ, ಕಣ್ಣು ಮುಚ್ಚಿ ಮಲಗಿ ಹರಿನಾಮ ಹೇಳಿದಳು. ಡಾಕ್ಟರು ಒಳಗಿನ ಮಾಂಸದ ಚೂರೊಂದನ್ನು ತೆಗೆದು ಲ್ಯಾಬಿಗೆ ಕಳಿಸಿ, ಒಂದು ವಾರ ಬಿಟ್ಟು ಬರಲು ಹೇಳಿದರು. ಅವರ ಮುಖ ನೋಡಿದ ಪೂರ್ಣಶ್ರೀಗೆ ಆ ವಾರ ನಿದ್ದೆ ಹತ್ತಲಿಲ್ಲ. ಭಾಮಕ್ಕನನ್ನು ತನ್ನ ಬಾಡಿಗೆ ಮನೆಯಲ್ಲೇ ಇಟ್ಟುಕೊಂಡು ಅಪ್ಪನನ್ನು ಕರೆಸಿದಳು.

ವಾರದ ಮೇಲೆ ಮೂವರೂ ಹೋಗಿ ಕೂತರು. ಶೈಲಶ್ರೀ ಮುಚ್ಚಿಡಲಿಲ್ಲ. "ಅಮ್ಮಾ, ಇದು ಗರ್ಭಕೋಶದ ಬಾಯಿಯ ಕ್ಯಾನ್ಸರ್. ಅಕ್ಕಪಕ್ಕಕ್ಕೂ ಹಬ್ಬ್ಯಾದ. ಮೊದಲನೇ ಸಲ ರಕ್ತ ಕಂಡಾಗ ಬಂದಿದ್ರ ಬಹುಶಃ ಆಪರೇಷನ್ನಿಗೇ ಮುಗೀತಿತ್ತು. ಈಗ ಆಪರೇಷನ್ ಆಗೂದಿಲ್ಲ. ರೇಡಿಯೇಷನ್ ಅಂತ ಕರೆಂಟು ಕೊಡಸಬೇಕು, ಔಷಧಿ ಏರಸಬೇಕು. ಹೈದರಾಬಾದಿಗೆ ಬರೆದು ಕೊಡ್ತೀನಿ. ತಡಾ ಮಾಡಬ್ಯಾಡ್ರಿ."

ವಿಬುಧೇಂದ್ರ ಕುರ್ಚಿಯ ಕೈ ಹಿಡಿದುಕೊಂಡ. ಭಾಮಕ್ಕ ಮಾತ್ರ ಮುಂದೆ ಬಾಗಿ ಕೇಳಿದಳು: "ಡಾಕ್ಟರಬಾಯಾರ, ಹಂಗಾದ್ರ ಅದು ಮುಟ್ಟಲ್ಲ, ಹೌದಲ್ರೀ?"

"ಅಲ್ಲಮ್ಮಾ. ಗಾಯದ ರಕ್ತ ಅದು."

"ಮೊದಲನೇ ದಿನದ್ದೂ? ಯುಗಾದಿ ಆದ ಮ್ಯಾಲಿನದ್ದೂ?"

"ಮೊದಲಿಂದನೂ ಗಾಯದ್ದೇ."

ಭಾಮಕ್ಕ ಎರಡೂ ಕೈ ಎತ್ತಿ ಮುಗಿದಳು. ಮುಖ ಅರಳಿಬಿಟ್ಟಿತು. "ಕೇಳಿದ್ಯಾ ವಿಬುಧಾ? ನಾ ಮೈಲಿಗಿ ಬಡಿಸಿಲ್ಲ. ಕುರ್ಡಿಯೊಳಗ ಪಾಪ ಆಗಿಲ್ಲ. ಇಷ್ಟು ದಿನ ಹೊತಗೊಂಡು ಸತ್ತೆನಲ್ಲಪ್ಪಾ!" ಎಂದು ನಗುತ್ತ ಅತ್ತಳು. ಕ್ಯಾನ್ಸರ್ ಎಂಬ ಮಾತು ಕೇಳಿ ಹೀಗೆ ಸಂತೋಷಪಟ್ಟವರನ್ನು ಆ ಡಾಕ್ಟರು ಎಂದೂ ಕಂಡಿರಲಿಕ್ಕಿಲ್ಲ. ಅವರು ಕನ್ನಡಕ ತೆಗೆದು ಕೆಳಗೆ ನೋಡಿದರು. ಪೂರ್ಣಶ್ರೀ ಎದ್ದು ಹೊರಗೆ ಓಡಿದಳು.

ಆ ಸಂತೋಷ ಆಸ್ಪತ್ರೆಯ ಅಂಗಳದವರೆಗೂ ಬರಲಿಲ್ಲ. ಬೇವಿನ ಮರದ ಕೆಳಗಿನ ಬೆಂಚಿನ ಮೇಲೆ ಕೂತಾಗ ಮಾತಿನ ಇನ್ನೊಂದು ಮಗ್ಗುಲು ಅವಳಿಗೆ ನಿಧಾನವಾಗಿ ಹೊಳೆಯಿತು. ಮೊದಲಿನಿಂದಲೂ ಗಾಯವೇ. ಹಾಗಾದರೆ ಚಾಪೆಯ ಮೇಲೆ ಕೂತದ್ದೆಲ್ಲ ಏಕೆ? ಕೊಡಗಟ್ಟಲೆ ನೀರು ಸುರಿದುಕೊಂಡದ್ದು, ಕರ್ಪೂರ ಹಚ್ಚಿದ್ದು, ರೇಣುಕಮ್ಮನನ್ನು ನಗಿಸಿ ಕಳಿಸಿದ್ದು? ಅವಳಿಗೆ ಈಗ ಭಯವಾಯಿತು. ಸಾವಿನ ಮನೆಗಳಲ್ಲೇ ಉಂಡು ಬೆಳೆದ ಹೆಂಗಸು. ಸಾವೆಂದರೆ ಇಂಥ ತಿಥಿ, ಇಷ್ಟು ಎಲೆ, ಇಷ್ಟು ಉದ್ದು ಎಂದಷ್ಟೇ ತಿಳಿದಿದ್ದಳು. ತನ್ನದೂ ಒಂದು ತಿಥಿ ಇದೆ ಎಂಬುದು ಆವತ್ತೇ ಗೊತ್ತಾಯಿತು.

"ನನ್ನ ಮೈ ಕೂಗಿ ಕೂಗಿ ಹೇಳಾಕತ್ತಿತ್ತು ಪೂರ್ಣಾ," ಎಂದಳು ತಮ್ಮನ ಮಗಳ ಭುಜಕ್ಕೆ ತಲೆಯಿಟ್ಟು. "ನಾನು ಅದರ ಬಾಯಿಗೆ ಅರಿವಿ ತುರುಕಿಕೋತ ಕೂತೆ. ನನಗ ಸಾಯೂದು ಬ್ಯಾಡವ್ವಾ. ಈಗೇನು ಮಾಡಲಿ? ನನಗ ಸಾಯೂದು ಬ್ಯಾಡ."

ಹುಡುಗಿ ಫೋನಿನಲ್ಲಿ ಹೈದರಾಬಾದಿನ ಆಸ್ಪತ್ರೆಯನ್ನು ವಿಚಾರಿಸಿದಳು. ನಾಳೆ ಬೆಳಿಗ್ಗೆ ಬಂದರೆ ನೋಡುತ್ತೇವೆ ಎಂದರು. ಅಷ್ಟರಲ್ಲಿ ವಿಬುಧೇಂದ್ರ ಜುಬ್ಬದ ಜೇಬಿನಿಂದ ಪಂಚಾಂಗ ತೆಗೆದ. ಕೆಟ್ಟವನಲ್ಲ ಅವನು. ತಾಯಿಯಂತೆ ಸಾಕಿದ ಅಕ್ಕ ಕಣ್ಣೆದುರು ಕರಗುತ್ತಿದ್ದಾಳೆ, ಕೈಕಾಲು ಆಡುತ್ತಿಲ್ಲ. ಹೆದರಿದಾಗ ಹಿಡಿದುಕೊಳ್ಳಲು ಅವನಿಗೆ ಇನ್ನೇನೂ ಗೊತ್ತಿರಲಿಲ್ಲ. ಗಡಬಡಿಸಿ ಹಾಳೆ ತಿರುವಿದ.

"ಅಕ್ಕಾ, ನಾಳೆ ಘಾತ ಚತುರ್ದಶಿ, ನಾಡಿದ್ದು ಮಹಾಲಯ ಅಮಾವಾಸ್ಯೆ. ಪಕ್ಷದೊಳಗ ಇಂಥಾ ದೊಡ್ಡ ಪ್ರಯಾಣ ಬ್ಯಾಡ. ಆ ಮ್ಯಾಲೆ ನವರಾತ್ರಿ, ಮನಿಯೊಳಗ ಅಖಂಡ ದೀಪ ಇರ್ತದ, ಬಿಟ್ಟು ಹೋಗಂಗಿಲ್ಲ. ದಶಮಿ ಭಾಳ ಚಲೋ ದಿನ, ಅವತ್ತು ಹೊರಡೋಣು. ಅಷ್ಟರೊಳಗ ಕುರ್ಡಿದೂ ಆಚಾರ್ಯರನ್ನ ಕೇಳಿ ಒಂದು ಪ್ರಾಯಶ್ಚಿತ್ತ ಮಾಡಿಸಿಬಿಟ್ರ ಮನಸ್ಸಿಗೆ ಸಂಶಯ ಇರೂದಿಲ್ಲ. ಆರು ತಿಂಗಳು ತಡೆದದ, ಇನ್ನ ಹನ್ನೆರಡು ದಿನ..."

"ಅಪ್ಪಾ!" ಎಂದು ಪೂರ್ಣಶ್ರೀ ಚೀರಿದಳು.

ಭಾಮಕ್ಕ ಅವಳ ಕೈ ಅದುಮಿ ಸುಮ್ಮನಾಗಿಸಿದಳು. ತಿಥಿ, ವಾರ, ಪಕ್ಷ ಇವುಗಳನ್ನು ತಮ್ಮನಿಗಿಂತ ಚೆನ್ನಾಗಿ ಬಲ್ಲವಳು ಅವಳು. ಒಂದು ದಿನವೂ ಅವನ್ನು ಮೀರಿದವಳಲ್ಲ. ಬೆಂಚಿನ ತುದಿ ಹಿಡಿದು, ಹಲ್ಲು ಕಚ್ಚಿ ಎದ್ದು ನಿಂತಳು. ನಿಂತಾಗ ಕಾಲಿಗೆ ಬೆಚ್ಚಗೆ ಇಳಿದದ್ದು ಅವಳಿಗೆ ತಿಳಿಯಿತು.

"ವಿಬುಧಾ, ಪಕ್ಷ ಸತ್ತವರದಪ್ಪಾ. ಅವರು ಕಾಯ್ತಾರ, ಅವರಿಗೇನು ಅವಸರ ಅದ? ನಾ ಇನ್ನೂ ಸತ್ತಿಲ್ಲ."

ಅವನು ಅಕ್ಕನನ್ನು ನೋಡುತ್ತ ನೋಡುತ್ತ ಚಿಕ್ಕ ಹುಡುಗನಂತೆ ಬಿಕ್ಕಿದ. ಬದುಕಿಸುತ್ತೇವೆ ಎಂದು ಡಾಕ್ಟರೂ ಮಾತು ಕೊಟ್ಟಿರಲಿಲ್ಲ. ಮೂವರಿಗೂ ಅದು ಗೊತ್ತಿತ್ತು.

"ಅಳೂದು ಬಸ್ಸಿನ್ಯಾಗ ಅಳುವಂತಿ," ಎಂದಳು ಭಾಮಕ್ಕ. "ಆಟೊ ಕರಿ. ಈಗ ಹೋಗೂ ಬಸ್ಸಿಗೇ ಹತ್ತೋಣು."

ವಿಬುಧೇಂದ್ರ ಪಂಚಾಂಗವನ್ನು ಬೆಂಚಿನ ಮೇಲೆಯೇ ಬಿಟ್ಟು ಆಟೊ ಹಿಡಿಯಲು ಗೇಟಿನ ಕಡೆ ಓಡಿದ.